ದುಡ್ಡು ಕಟ್ಟಿ ಸೇವೆಗೆ ಹೊರಟವರಿಗೆ

ಡೊಂಬಿವಲಿಯ ನಮ್ಮ ಕಟ್ಟಡದ ಹುಬ್ಬಳ್ಳಿಯವರ ಮಗಳು ಕಳೆದ ಭಾನುವಾರ ಮೊಬೈಲ್ ಹಿಡಿದು ಬಂದಳು. ‘ಕಾಕಾ, ಕೀನ್ಯಾದಲ್ಲಿ ಕಂಪ್ಯೂಟರ್ ಸೇವೆಯಂತೆ. ಬುಧವಾರದೊಳಗೆ ಹಣ ಕಟ್ಟಬೇಕು. ನೀವು ಹೋಗಿ ಬಂದಿದ್ದೀರಲ್ಲ?’

ಹೋಗಿದ್ದೆ, 2024ರ ಆಗಸ್ಟ್‌ನಲ್ಲಿ. ಅಂಧೇರಿಯ ಮಧ್ಯವರ್ತಿಯೊಬ್ಬನಿಗೆ 1,35,000 ರೂಪಾಯಿ ಕಟ್ಟಿದ್ದೆ. ವಿಮಾನದ ಟಿಕೆಟ್ ಬೇರೆ. ಸಂಬಳವಿಲ್ಲದ ಕೆಲಸಕ್ಕೆ ಶುಲ್ಕವೇಕೆ ಎಂದು ಹೆಂಡತಿ ಕೇಳಿದಾಗ ಸಿಡುಕಿದ್ದೆ.

ಹಳದಿ ಜ್ವರದ ಲಸಿಕೆಯ ಬಗ್ಗೆ ಆತ ಬಾಯಿಯೇ ಬಿಟ್ಟಿರಲಿಲ್ಲ. ಹೊರಡುವ 10 ದಿನ ಮೊದಲೇ ಅದನ್ನು ಹಾಕಿಸಿಕೊಂಡಿರಬೇಕು. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಮರಳಿದರೆ ಇಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಲ್ಲಿ ಕೆಲಸ ಮಾಡುವ ಪರವಾನಗಿಯ ಮಾತೆತ್ತಿದರೆ, ‘ನೈರೋಬಿಯಲ್ಲಿ ಪ್ರವಾಸಿ ಎಂದಷ್ಟೇ ಹೇಳಿ’ ಎಂದ. ಹೇಳಿದೆ. ಸಂಬಳವಿರಲಿ ಬಿಡಲಿ, ವಿದೇಶಿಯರು ಅಲ್ಲಿ ಕೆಲಸ ಮಾಡಲು ಪರವಾನಗಿ ಅಥವಾ ವಿಶೇಷ ಪಾಸ್ ಬೇಕೆಂಬುದು ಆಮೇಲೆ ತಿಳಿಯಿತು. ಸಿಕ್ಕಿಬಿದ್ದಿದ್ದರೆ ದಂಡವೋ ಗಡೀಪಾರೋ ನನ್ನ ತಲೆಗೇ ಬರುತ್ತಿತ್ತು, ಅವನ ತಲೆಗಲ್ಲ.

ಊರು ವಿಕ್ಟೋರಿಯಾ ಸರೋವರದ ದಡದ ಕಿಸುಮು. ನಾನು ಸ್ವಾಹಿಲಿ ಕಲಿತು ಹೋದರೆ ಜನ ತಮ್ಮತಮ್ಮಲ್ಲಿ ಲುವೊ ಮಾತನಾಡುತ್ತಿದ್ದರು. ಊಟದ ದೂರೇನಿಲ್ಲ. ಮೆಕ್ಕೆಜೋಳದ ಉಗಾಲಿ ನಮ್ಮ ಮುದ್ದೆಗೆ ದಾಯಾದಿ, ಜೊತೆಗೆ ಸೊಪ್ಪಿನ ಪಲ್ಯ.

ಸಮುದಾಯ ಕೇಂದ್ರದ 12 ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಜೋಡಿಸುವುದು ನನ್ನ ಪಾಲಿನ ಕೆಲಸ. ಗೋಡೆಯ ಪೆಟ್ಟಿಗೆ ತೆರೆದರೆ ಕೇಬಲ್‌ಗಳ ತುದಿಯಲ್ಲಿ ಹಳೆಯ ಚೀಟಿಗಳಿದ್ದವು: ಒಂದರ ಮೇಲೆ ಜರ್ಮನ್, ಇನ್ನೊಂದರ ಮೇಲೆ ಸ್ಪ್ಯಾನಿಷ್. ಕೇಬಲ್‌ಗಳು ಕೆಟ್ಟಿರಲಿಲ್ಲ, ಯಾರೋ ಕಿತ್ತಿದ್ದರು. ಅಲ್ಲಿ ಪಾಠ ಹೇಳುವ ಹೆಂಗಸನ್ನು ಕೇಳಿದೆ. ‘ನೀವು ಈ ವರ್ಷ ಮೂರನೆಯವರು’ ಎಂದರು. ‘ಕೆಲಸ ಮುಗಿದುಬಿಟ್ಟರೆ ಮುಂದಿನವರು ಯಾಕೆ ದುಡ್ಡು ಕಟ್ಟುತ್ತಾರೆ?’

ಅವರಿಗೆ ಬೇಕಾಗಿದ್ದದ್ದು ಸೋಲಾರ್‌ಗೆ ಹೊಸ ಬ್ಯಾಟರಿ. ಹಳೆಯವು ಸತ್ತು, ಕರೆಂಟ್ ಹೋದಾಗಲೆಲ್ಲ ಪಾಠ ನಿಲ್ಲುತ್ತಿತ್ತು. ನಾನು ಕಟ್ಟಿದ ಹಣದಲ್ಲಿ ಕೇಂದ್ರಕ್ಕೆ ಎಷ್ಟು ಬಂತೆಂದು ಕೇಳಿದ್ದಕ್ಕೆ ಅಲ್ಲಿನ ಮೇಲ್ವಿಚಾರಕ ಚಹಾ ತರಿಸಿದ. ಆ ಕೇಬಲ್‌ಗಳನ್ನು ನಾನೂ ಜೋಡಿಸಿದೆ. ಹೋಗಿದ್ದೇನಲ್ಲ, ಏನಾದರೂ ಮಾಡಲೇಬೇಕಿತ್ತು.

ಹುಡುಗಿಗೆ ಇಷ್ಟು ಹೇಳಿದೆ: ಪರವಾನಗಿ ಯಾರು ಮಾಡಿಸುತ್ತಾರೆಂದು ಬರೆಸಿಕೋ. ಮಧ್ಯವರ್ತಿಯನ್ನು ಬಿಟ್ಟು ಅಲ್ಲಿ ಪಾಠ ಹೇಳುವವರ ಜೊತೆಗೇ ಮಾತನಾಡು. ನಿನಗಿಂತ ಮೊದಲು ಹೋದವರ ನಂಬರ್ ಕೇಳು. ಕೊಡದಿದ್ದರೆ ಹಣ ಕಟ್ಟಬೇಡ.

ಅವಳು ಜಾಹೀರಾತು ತೋರಿಸಿದಳು. ಗೋಡೆಯ ಪೆಟ್ಟಿಗೆಯ ಮುಂದೆ, ಕೈಯಲ್ಲಿ ಕೇಬಲ್ ಹಿಡಿದು ಹಲ್ಲು ಕಿರಿಯುತ್ತಿದ್ದವನು ನಾನೇ. ತೆಗೆಯಿರಿ ಎಂದು ಮಧ್ಯವರ್ತಿಗೆ ಎರಡು ಸಲ ಬರೆದಿದ್ದೇನೆ. ಫೋಟೊ ಇನ್ನೂ ಅಲ್ಲೇ ಇದೆ.