‘ಫೋಮ್ ಅದ, ಏನಾಗಂಗಿಲ್ಲ’ ಅಂತ ಸೈಕಲ್ಲನ್ನು ವಿಮಾನಕ್ಕೆ ಹಾಕಬೇಡಿ

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬಸ್ಸಿನ ಡಿಕ್ಕಿಯಲ್ಲಿ ಹೈದರಾಬಾದಿಗೆ ಹೋಗಿ, ಶಂಶಾಬಾದ್ ಏರ್‌ಪೋರ್ಟಿನಿಂದ ದಿಲ್ಲಿಗೆ ಹಾರಿದ ಒಂದು ಹೈಬ್ರಿಡ್ ಸೈಕಲ್ಲಿನ ಕತೆ ಇದು. ಆನ್‌ಲೈನಿನಲ್ಲಿ ‘ಫ್ಲೈಟ್ ಬ್ಯಾಗ್’ ಅಂತ ಮಾರುತ್ತಾರಲ್ಲ, ಮಡಚಿದರೆ ದಿಂಬಿನಷ್ಟಾಗುವ, ಸುತ್ತ 10 ಮಿ.ಮೀ. ಫೋಮ್ ಇಟ್ಟು ಹೊಲಿದದ್ದು, ಅಂಥ ಬ್ಯಾಗು. ಸೈಕಲ್ಲಿನ ಮಾಲೀಕರು ಎರಡೂ ಚಕ್ರ ಬಿಚ್ಚಿ ಅದರ ಜೇಬುಗಳಲ್ಲಿ ಇಳಿಸಿ, ಜಿಪ್ ಎಳೆದು ಕಳಿಸಿದ್ದರು.

ದಿಲ್ಲಿಯಲ್ಲಿ ಕೈಗೆ ಬಂದಾಗ ಬ್ಯಾಗಿನ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಮಾತ್ರ ಹಿಂದಿನ ಚಕ್ರ ಕೂಡುವ 135 ಮಿ.ಮೀ. ಸಂದು ಕುಗ್ಗಿ 128ಕ್ಕೆ ಬಂದಿತ್ತು, ಚಕ್ರ ಕೂರಲೇ ಇಲ್ಲ. ಮುಂದಿನ ಬ್ರೇಕಿನ ಡಿಸ್ಕ್ ಹಪ್ಪಳದ ಹಾಗೆ ಅಲೆಅಲೆಯಾಗಿತ್ತು. ಜೇಬಿನಲ್ಲಿದ್ದ ಚಕ್ರದ ಆಕ್ಸಲ್ ತುದಿ ಫ್ರೇಮಿನ ಮೇಲಿನ ಪೈಪಿಗೆ ಒತ್ತಿ, ಬಣ್ಣ ಕಿತ್ತು, ಬೆರಳು ಸವರಿದರೆ ಸಿಗುವಂಥ ಕುಳಿ ಬಿದ್ದಿತ್ತು. ಹೇಗೋ ಸಂದು ಅಗಲಿಸಿ ಚಕ್ರ ಕೂರಿಸಿ ಹೊರಟರೆ, ಮೊದಲ ಏರಿನಲ್ಲಿ ಹಗುರ ಗೇರಿಗೆ ಹಾಕಿದ ಕ್ಷಣವೇ ಡಿರೇಲರ್ (ಗೇರು ಬದಲಿಸಲು ಚೈನನ್ನು ಅತ್ತಿತ್ತ ಸರಿಸುವ ಭಾಗ) ಚಕ್ರದ ಕಡ್ಡಿಗಳಿಗೆ ಸಿಕ್ಕಿ ಮೂರು ಕಡ್ಡಿ ತುಂಡಾದವು.

ಇಷ್ಟಕ್ಕೂ ಬ್ಯಾಗನ್ನು ಯಾರೂ ಎಸೆದಿರಲಿಕ್ಕಿಲ್ಲ. ಅಡ್ಡ ಮಲಗಿಸಿ ಮೇಲೆ ನಾಲ್ಕು ಸೂಟ್‌ಕೇಸ್ ಒಟ್ಟಿದರೆ ಸಾಕು, ಇದೆಲ್ಲ ಆಗುತ್ತದೆ. ಶಹಾಬಾದ್ ಫರಸಿ ಕಲ್ಲು ಸಾಗಿಸುವವರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಫರಸಿಯನ್ನು ಲಾರಿಯಲ್ಲಿ ಯಾವತ್ತೂ ಅಂಚಿನ ಮೇಲೆ ನಿಲ್ಲಿಸುತ್ತಾರೆ, ಮಲಗಿಸಿದರೆ ಮೊದಲ ಗುಂಡಿಗೇ ಸೀಳುತ್ತದೆ. ಸೈಕಲ್ಲೂ ಹಾಗೆಯೇ. ನಿಂತಾಗ ಗಟ್ಟಿ, ಮಗ್ಗುಲಿನಿಂದ ಭಾರ ಬಿದ್ದರೆ ಸೊಟ್ಟ. ಆದರೆ ಲೋಡ್ ಮಾಡುವವರಿಗೆ ಮಲಗಿಸುವುದೇ ಸಲೀಸು. ಬ್ಯಾಗಿನ ಮೇಲೆ ಬಾಣದ ಗುರುತು ಎಷ್ಟೇ ದೊಡ್ಡದಾಗಿ ಬರೆದರೂ ನಂಬಿ ಕೂಡಬೇಡಿ. ಫೋಮ್ ತಡೆಯುವುದು ಗೀರನ್ನು, ಭಾರವನ್ನಲ್ಲ. ಭಾರ ತಡೆಯಲು ಒಳಗೆ ಗಟ್ಟಿಯಾದದ್ದೊಂದು ಅಡ್ಡ ನಿಲ್ಲಬೇಕು.

ಆ ಗಟ್ಟಿ ವಸ್ತು ಪುಕ್ಕಟೆ ಸಿಗುತ್ತದೆ. ಹೊಸ ಸೈಕಲ್ ಬರುವ ಡಬ್ಬಿಯಲ್ಲಿ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ಕಾಲುಗಳ ನಡುವೆ ಸಂದು ಕುಗ್ಗದಂತೆ ತಡೆಯುವ ಒಂದು ಪ್ಲಾಸ್ಟಿಕ್ ಸ್ಪೇಸರ್ ಇರುತ್ತದೆ, ಅಂಗಡಿಯವರು ಕಸಕ್ಕೆ ಹಾಕುತ್ತಾರೆ. ಕೇಳಿದರೆ ಕೊಡುತ್ತಾರೆ. ಸಿಗದಿದ್ದರೆ ಅರ್ಧ ಇಂಚಿನ ದಪ್ಪ ಗೋಡೆಯ ನಲ್ಲಿ ಪೈಪ್ ತನ್ನಿ, ಮುಂದಕ್ಕೆ 100 ಮಿ.ಮೀ., ಹಿಂದಕ್ಕೆ 135 ಮಿ.ಮೀ. ನೇರ ಕತ್ತರಿಸಿ, ಚಕ್ರದಿಂದ ತೆಗೆದ ಕ್ವಿಕ್ ರಿಲೀಸ್ ಸಲಾಕೆಯನ್ನೇ (ಲೀವರ್ ತಿರುವಿ ಚಕ್ರ ಬಿಗಿಯುವ ಸರಳು) ಅದರೊಳಗೆ ತೂರಿಸಿ ಸಂದಿನಲ್ಲಿ ಬಿಗಿಮಾಡಿ. ಹಳೆಯ ರೋಡ್ ಬೈಕುಗಳಲ್ಲಿ (ತೆಳು ಟೈರಿನ ರೇಸ್ ಸೈಕಲ್) ಹಿಂದಿನ ಅಳತೆ 130, ಥ್ರೂ ಆಕ್ಸಲ್ (ಫ್ರೇಮಿಗೇ ತಿರುಪುವ ದಪ್ಪ ಆಕ್ಸಲ್) ಇರುವವುಗಳಲ್ಲಿ ಸಾಮಾನ್ಯವಾಗಿ 142. ಊಹಿಸಬೇಡಿ, ಹಬ್ (ಚಕ್ರದ ನಡುವಿನ ಗುಂಬ) ಅಳೆದೇ ಕತ್ತರಿಸಿ. ಮೇಲಿನ ಸೈಕಲ್ಲಿನ ಹಿಂಭಾಗ ಉಳಿಸಲು ಬೇಕಿದ್ದದ್ದು ಇಂಥ ಒಂದು ತುಂಡು ಪೈಪು. ಅಲ್ಯೂಮಿನಿಯಂ ಫ್ರೇಮನ್ನು ಹೀಗೆ ಕುಗ್ಗಿಸಿ ಅಗಲಿಸಿ ಮಾಡಿದರೆ ಬಿರುಕು ಬಿಡಬಹುದು ಅನ್ನುವುದೂ ನೆನಪಿರಲಿ. ಉಕ್ಕಿನ ಹಾಗೆ ಅದು ಕ್ಷಮಿಸುವ ಲೋಹವಲ್ಲ.

ಇನ್ನು ಡಿರೇಲರ್. ಅದು ನೇತಾಡುವ ಹ್ಯಾಂಗರ್ ಎಂಬ ಸಣ್ಣ ತುಂಡನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ, ಪೆಟ್ಟು ಬಿದ್ದರೆ ಫ್ರೇಮ್ ಉಳಿದು ಅದು ಬಾಗಲಿ ಅಂತ. ತೊಂದರೆ ಏನೆಂದರೆ, ಕೆಲವೇ ಮಿಲಿಮೀಟರ್ ಒಳಕ್ಕೆ ಬಾಗಿದ್ದು ಕಣ್ಣಿಗೆ ಬೀಳುವುದಿಲ್ಲ, ಹಿಂದಿನ ಚಿಕ್ಕ ಹಲ್ಲುಚಕ್ರಗಳ ಮೇಲೆ ಸೈಕಲ್ ಚೆನ್ನಾಗಿಯೇ ಓಡುತ್ತದೆ. ದೊಡ್ಡ ಹಲ್ಲುಚಕ್ರಕ್ಕೆ ಹೋದಾಗ ಡಿರೇಲರ್ ಕಡ್ಡಿಗಳ ಪಕ್ಕದಲ್ಲೇ ಇರುತ್ತದೆ, ಆ ಕೆಲವೇ ಮಿಲಿಮೀಟರ್ ಸಾಕು ಒಳಗೆ ಸಿಗಲು. ಜೋಡಿಸಿದ ಮೇಲೆ ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಡಿರೇಲರಿನ ಎರಡೂ ಪುಟ್ಟ ಗಾಲಿಗಳು, ಮೇಲಿನ ಹಲ್ಲುಚಕ್ರ ಮೂರೂ ಒಂದೇ ಗೆರೆಯಲ್ಲಿರಬೇಕು. ಕೆಳಗಿನ ಗಾಲಿ ಚಕ್ರದ ಕಡೆ ವಾಲಿದ್ದರೆ ಹತ್ತಬೇಡಿ. ಪ್ಯಾಕ್ ಮಾಡುವಾಗ 5 ಮಿ.ಮೀ. ಅಲನ್ ಕೀಯಿಂದ ಡಿರೇಲರ್ ಬಿಚ್ಚಿ (ಕೇಬಲ್ ಬಿಚ್ಚಬೇಕಿಲ್ಲ), ಹಳೆ ಬಟ್ಟೆ ಸುತ್ತಿ, ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಕಟ್ಟಿ. ಎರಡು ನಿಮಿಷದ ಕೆಲಸ. ಹ್ಯಾಂಗರ್ ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ಪಕ್ಕದ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಒಂದು ಹೆಚ್ಚಿನದನ್ನು ಮೊದಲೇ ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಯಾವುದರಲ್ಲಿ ಹಾಕಬೇಕು? ಒಮ್ಮೆ ಹೋಗಿ ಬರುವವರಿಗೆ ರಟ್ಟಿನ ಡಬ್ಬಿಯೇ ಸಾಕು, ಮೆತ್ತನೆ ಬ್ಯಾಗಿಗಿಂತ ವಾಸಿ. ಡಬ್ಬಿ ನೋಡಿದರೆ ಸೈಕಲ್ ಅಂತ ತಿಳಿಯುತ್ತದೆ, ಬ್ಯಾಗು ಬಟ್ಟೆಗಂಟಿನ ಹಾಗೆ ಕಾಣುತ್ತದೆ. ಐದು ಪದರದ್ದು ಕನಿಷ್ಠ, ಏಳು ಪದರದ್ದು ಸಿಕ್ಕರೆ ಬಿಡಬೇಡಿ. ಮಳೆಯಲ್ಲಿ ನೆನೆದು ಒಣಗಿದ್ದು, ತಳ ಮೆತ್ತಗಾದದ್ದು ಬೇಡವೇ ಬೇಡ. ವರ್ಷಕ್ಕೆ ನಾಲ್ಕೈದು ಸಲ ಹಾರುವವರು ಒಳಗೆ ಲೋಹದ ತಳಪಟ್ಟಿ ಇದ್ದು ಫೋರ್ಕನ್ನೂ ಹಿಂದಿನ ಸಂದನ್ನೂ ಅದಕ್ಕೇ ಬಿಗಿಯುವಂಥ ಬ್ಯಾಗು ಕೊಳ್ಳಲಿ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಎಲ್ಲಕ್ಕಿಂತ ಭದ್ರ ನಿಜ, ಆದರೆ ನಮ್ಮ ಕಡೆಯವರಿಗೆ ಅದರಲ್ಲಿ ಎರಡು ತೊಡಕು.

ಒಂದು ತೂಕ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಚೆಕ್-ಇನ್ ಮಿತಿ 15 ಕೆ.ಜಿ. ಹತ್ತು ಕೆ.ಜಿ.ಯ ರೋಡ್ ಬೈಕನ್ನು ನಾಲ್ಕೈದು ಕೆ.ಜಿ.ಯ ರಟ್ಟಿನ ಡಬ್ಬಿಗೆ ಹಾಕಿದರೆ ಮಿತಿಯೊಳಗೇ ಬರುತ್ತದೆ. 12 ಕೆ.ಜಿ.ಯ ಪೆಟ್ಟಿಗೆಗೆ ಹಾಕಿದರೆ 22, ಅಂದರೆ ಪೆಟ್ಟಿಗೆಯ ತೂಕಕ್ಕೇ ದುಡ್ಡು ಕಟ್ಟಿದ ಹಾಗೆ, ಹೋಗುವಾಗಲೂ ಬರುವಾಗಲೂ. ಡಬ್ಬಿಯಲ್ಲಿ ಜಾಗ ಇದೆಯೆಂದು ಶೂ, ಹೆಲ್ಮೆಟ್, ಪಂಪು, ಬಟ್ಟೆ ತುರುಕುವವರೂ ಇದೇ ತೂಕಕ್ಕೆ ಸಿಕ್ಕಿಬೀಳುತ್ತಾರೆ. ಮನೆಯಲ್ಲೇ ತೂಗಿ ನೋಡಿ.

ಎರಡನೆಯದು ಬಾಗಿಲು. 2019ರ ನವೆಂಬರಿನಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣಕ್ಕೂ, ಮರುವರ್ಷ ಫೆಬ್ರುವರಿಯಲ್ಲಿ ಶುರುವಾದ ಬೀದರಿಗೂ ಬಂದದ್ದು ಸಣ್ಣ ವಿಮಾನಗಳು. ಎಟಿಆರ್ 72, ಐವತ್ತು ಸೀಟಿನ ಎಂಬ್ರೇಯರ್ 145 ಅಂಥವು. ಇವುಗಳ ಲಗೇಜ್ ಕೋಣೆ, ಬಾಗಿಲು ಎರಡೂ ಚಿಕ್ಕವು. ಶಂಶಾಬಾದಿನಲ್ಲಿ ಮಾತಿಲ್ಲದೆ ತೆಗೆದುಕೊಳ್ಳುವ ಡಬ್ಬಿಯನ್ನು ಇಂಥ ವಿಮಾನಕ್ಕೆ ಬೇಡ ಅನ್ನಬಹುದು. ಏಪ್ರಿಲ್-ಮೇ ಮಧ್ಯಾಹ್ನ ಇನ್ನೊಂದು ಕಾಟ. ಬಿಸಿಗಾಳಿ ತೆಳು, ಮೇಲೇರುವ ಬಲ ಕಡಿಮೆ, ಆಗ ತೂಕ ಇಳಿಸಲು ಮೊದಲು ಕೆಳಗೆ ಬರುವುದು ದೊಡ್ಡ ಡಬ್ಬಿಗಳೇ. ಟಿಕೆಟ್ ತೆಗೆಯುವ ಮುನ್ನ ಡಬ್ಬಿಯ ಉದ್ದ, ಅಗಲ, ಎತ್ತರ, ತೂಕ ನಾಲ್ಕನ್ನೂ ಬರೆದು ಇಮೇಲ್ ಮಾಡಿ, ಉತ್ತರವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ‘ಆಗ್ತದ್ರಿ’ ಅಂದದ್ದು ಕೌಂಟರಿನಲ್ಲಿ ನಡೆಯುವುದಿಲ್ಲ. ಏರ್‌ಪೋರ್ಟ್ ತನಕದ ಗಾಡಿಯನ್ನೂ ಮರೆಯಬೇಡಿ. 140 ಸೆಂ.ಮೀ. ಉದ್ದದ ಡಬ್ಬಿ ಡಿಕ್ಕಿ ಇರುವ ಸಣ್ಣ ಕಾರಿಗೆ ಹಿಡಿಯುವುದಿಲ್ಲ, ಹಿಂದಿನ ಸೀಟು ಮಡಚುವ ದೊಡ್ಡ ಗಾಡಿಯೇ ಬೇಕು.

ಪ್ಯಾಕಿಂಗಿನಲ್ಲಿ ಹೆಚ್ಚು ಜನ ಎಡವುವುದು ಪೆಡಲ್ಲಿನಲ್ಲಿ. ಎಡಗಡೆಯದರ ತಿರುಪು ಉಲ್ಟಾ. 15ರ ಪಾನಾ ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಚ್ಚುತ್ತವೆ, ಇದೊಂದು ನೆನಪಿಟ್ಟರೆ ಸಾಕು. ಡಿಸ್ಕ್‌ಗಳನ್ನು ಚಕ್ರದಿಂದ ಬಿಚ್ಚಿ (ಆರು ಸ್ಕ್ರೂಗಳದ್ದಾದರೆ ಟಿ25 ಕೀ), ಎರಡು ರಟ್ಟಿನ ನಡುವೆ ಇಟ್ಟು ಚಪ್ಪಟೆಯಾಗಿ ಕಟ್ಟಿ. 1.8 ಮಿ.ಮೀ. ದಪ್ಪದ ತಗಡು ಅದು, ಒಂದು ಮೊಣಕೈ ಭಾರ ತಡೆಯುವುದಿಲ್ಲ. ಹೈಡ್ರಾಲಿಕ್ ಬ್ರೇಕಾದರೆ ಪ್ಯಾಡುಗಳ ನಡುವೆ 2 ಮಿ.ಮೀ. ದಪ್ಪಕ್ಕೆ ಮಡಚಿದ ರಟ್ಟು ಸಿಕ್ಕಿಸದೆ ಬಿಡಬೇಡಿ. ದಾರಿಯಲ್ಲಿ ಲೀವರ್ ಒತ್ತಿಕೊಂಡರೆ ಪ್ಯಾಡುಗಳು ಒಂದಕ್ಕೊಂದು ಕಚ್ಚಿ, ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಫ್ರೇಮಿಗೆ ಸುತ್ತಲು ಬಬಲ್ ಶೀಟಿಗಿಂತ, ಎಸಿ ರಿಪೇರಿಯವರು ತಾಮ್ರದ ನಳಿಗೆಗೆ ಹಾಕುವ ಕಪ್ಪು ಫೋಮ್ ಪೈಪ್ ಒಳ್ಳೆಯದು. ಉದ್ದಕ್ಕೆ ಸೀಳಿ ತೊಡಿಸಿದರೆ ಆಯಿತು. ಚಕ್ರದ ಆಕ್ಸಲ್ ತುದಿಗೆ ದಪ್ಪ ರಟ್ಟಿನ ಬಿಲ್ಲೆ ಇರಲೇಬೇಕು, ಫ್ರೇಮನ್ನೂ ಡಬ್ಬಿಯನ್ನೂ ಚುಚ್ಚುವುದು ಅದೇ.

ಮುಚ್ಚುವಾಗ ಕಂದು ಟೇಪೊಂದನ್ನೇ ನಂಬಬೇಡಿ. ನಮ್ಮ ಬಿಸಿಲಿಗೆ ಬಸ್ಸಿನ ಡಿಕ್ಕಿಯಲ್ಲಿ ಅದರ ಅಂಟು ಕರಗಿ ತಳ ಬಾಯಿಬಿಡುತ್ತದೆ. ತಳವನ್ನು ಎರಡೂ ದಿಕ್ಕಿಗೆ ಟೇಪ್ ಮಾಡಿ, ಮೇಲೆ ಪ್ಲಾಸ್ಟಿಕ್ ಪ್ಯಾಕಿಂಗ್ ಪಟ್ಟಿ ಎರಡು ಕಡೆ ಬಿಗಿಸಿ. ಭದ್ರತೆಯವರು ತೆಗೆಸಿ ನೋಡಬಹುದು, ಮತ್ತೆ ಮುಚ್ಚಲು ಒಂದು ಟೇಪ್ ಸುರುಳಿ ಜೊತೆಗಿರಲಿ.

ಟೈರಿನ ಗಾಳಿ ಪೂರ್ತಿ ಬಿಡಿಸುವ ಪದ್ಧತಿ ಹಳೆಯದು. ವಿಮಾನದ ಹೊಟ್ಟೆಯಲ್ಲಿ ಗಾಳಿಯೊತ್ತಡ ಇರುತ್ತದೆ. ಒತ್ತಡವೇ ಇಲ್ಲದಿದ್ದರೂ ಟೈರಿಗೆ ಹೆಚ್ಚಾಗುವುದು ಸುಮಾರು 15 ಪಿಎಸ್‌ಐ ಮಾತ್ರ, ಅಷ್ಟಕ್ಕೆ ಒಡೆಯುವುದಿಲ್ಲ. ಆದರೂ ಕೌಂಟರಿನಲ್ಲಿ ಕೇಳುತ್ತಾರೆ, ವಾದಕ್ಕೆ ನಿಲ್ಲಬೇಡಿ. 20-25 ಪಿಎಸ್‌ಐ ಉಳಿಸಿದರೆ ರಿಮ್ಮಿಗೂ ರಕ್ಷಣೆ. ಗಾಳಿ ತುಂಬುವ ಸಿಒ2 ಸಿಲಿಂಡರ್ ಮನೆಯಲ್ಲೇ ಬಿಡಿ. ಲೈಟಿನ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲಿ. ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಸಾಮಾನ್ಯವಾಗಿ 250 ವ್ಯಾಟ್-ಅವರ್ ಅಥವಾ ಅದಕ್ಕೂ ಹೆಚ್ಚು, ಪ್ರಯಾಣಿಕರ ವಿಮಾನಕ್ಕೆ ಮಿತಿ 160. ಅದು ಹತ್ತುವುದೇ ಇಲ್ಲ.

ಕೊರಿಯರಿನಲ್ಲಿ ಕಳಿಸಿದರಾಯಿತು ಅನ್ನುವವರು ಮೊದಲು ಲೆಕ್ಕ ಹಾಕಲಿ. ಅವರು ಹಿಡಿಯುವುದು ಗಾತ್ರದ ತೂಕ. 140×25×80 ಸೆಂ.ಮೀ. ಡಬ್ಬಿಯನ್ನು 5000ದಿಂದ ಭಾಗಿಸಿದರೆ 56 ಕೆ.ಜಿ., ಒಳಗೆ ಇರುವುದು 15 ಆದರೂ.

ಇಳಿದ ಮೇಲೆ ಡಬ್ಬಿ ಮಾಮೂಲಿ ಬೆಲ್ಟಿಗೆ ಬರದೆ ದೊಡ್ಡ ಸಾಮಾನಿನ ಬಾಗಿಲಿನಿಂದ ಬರಬಹುದು. ಅಲ್ಲೇ ತೆಗೆದು ನೋಡಿ. ಹಿಂದಿನ ಸಂದು, ಹ್ಯಾಂಗರ್, ಡಿಸ್ಕ್, ಫೋರ್ಕ್, ಈ ನಾಲ್ಕು. ಪ್ಯಾಕ್ ಮಾಡುವಾಗ ತೆಗೆದ ಫೋಟೊ ಜೊತೆಗಿರಲಿ. ಏನಾದರೂ ಕಂಡರೆ ವಿಮಾನ ಸಂಸ್ಥೆಯ ಲಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರಿನ ಹಾಳೆ ಬರೆಸಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ಬಗ್ಗೆ ಲಿಖಿತ ದೂರಿಗೆ 7 ದಿನ ಇರುತ್ತದೆ ನಿಜ, ಆದರೆ ಬಾಗಿಲು ದಾಟಿ ಹೋದವರಿಗೆ ‘ಹೊರಗೆ ಟ್ಯಾಕ್ಸಿಯಲ್ಲಿ ಆಗಿರಬೇಕು’ ಅನ್ನುವ ಉತ್ತರ ತಯಾರಿರುತ್ತದೆ. ಚೆಕ್-ಇನ್ ಹೊತ್ತಿಗೆ ‘ಹಾನಿಯಾದರೆ ನಮ್ಮ ಹೊಣೆಯಲ್ಲ’ ಎಂಬ ಚೀಟಿಗೆ ಸಹಿ ಕೇಳುತ್ತಾರೆ, ಅದರಲ್ಲಿ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆ ಓದಿ. ‘ಪ್ಯಾಕಿಂಗ್ ಸರಿ ಇಲ್ಲ’ ಅಂತ ಇದ್ದು ನಿಮ್ಮದು ಗಟ್ಟಿ ಡಬ್ಬಿಯಾಗಿದ್ದರೆ, ಅದನ್ನು ಹೊಡೆದುಹಾಕಿಸಿದ ಮೇಲೆಯೇ ಸಹಿ ಮಾಡಿ.