ನಾಲ್ಕು ಬೇಸಿಗೆ ಕಂಡ 150-600 ಲೆನ್ಸ್, ಜೊತೆಗೆ ಒಂದು 1.4 ಕನ್ವರ್ಟರ್

150ರಿಂದ 600 ಎಂ.ಎಂ.ವರೆಗಿನ ಈ ಜೂಮ್ ಲೆನ್ಸ್ ತಗೊಂಡು ನಾಲ್ಕು ವರ್ಷ, ಟೆಲಿಕನ್ವರ್ಟರ್ (ಲೆನ್ಸ್, ಕ್ಯಾಮೆರಾ ನಡುವೆ ಹಾಕಿ ಚಿತ್ರವನ್ನು 1.4 ಪಟ್ಟು ಹಿಗ್ಗಿಸುವ ಸಾಧನ) ತಗೊಂಡು ಮೂರು. ನಮ್ಮೂರು ಕಲಬುರಗಿ. ರಜೆ ಸಿಕ್ಕರೆ ಬೀದರ್ ಕಡೆ ಕೃಷ್ಣಮೃಗ, ಚಳಿಗಾಲದಲ್ಲಿ ಸುರಪುರ ಹತ್ತಿರದ ಬೋನಾಳ ಕೆರೆ. ಕ್ಯಾಮೆರಾ ಕ್ರಾಪ್ ಸೆನ್ಸರಿನ, ಅಂದರೆ ಸಣ್ಣ ಸೆನ್ಸರಿನ, ಹಳೇ ಡಿಎಸ್‌ಎಲ್‌ಆರ್.

ಮೊದಲ ಬೇಸಿಗೆಯಲ್ಲೇ ಲೆನ್ಸ್ ವಾಪಸ್ ಕಳಿಸುವವನಿದ್ದೆ. ಏಪ್ರಿಲ್ ತಿಂಗಳು, ಹೊತ್ತು ಹನ್ನೊಂದು, ಹೊನ್ನಿಕೇರಿ ಕಡೆಯ ಬಯಲು. ಸುಮಾರು ಇನ್ನೂರು ಮೀಟರ್ ಆಚೆ ಗಂಡು ಕೃಷ್ಣಮೃಗ ನಿಂತಿತ್ತು. ಟ್ರೈಪಾಡ್ ಇತ್ತು, ಶಟರ್ 1/2000 ಸೆಕೆಂಡ್. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕೊಂಬಿನ ಉಂಗುರಗಳೆಲ್ಲ ಬೆಲ್ಲದ ಪಾಕದಂತೆ ಒಂದಕ್ಕೊಂದು ಅಂಟಿವೆ. ಇಪ್ಪತ್ತು ಫೋಟೋ, ಇಪ್ಪತ್ತರಲ್ಲೂ ಕೊಂಬಿನ ಡೊಂಕು ಬೇರೆ ಬೇರೆ! ಫೋಕಸ್ ತಪ್ಪಿದ್ದರೆ ಎಲ್ಲವೂ ಒಂದೇ ಥರ ಮಸುಕಾಗಬೇಕಿತ್ತಲ್ಲ? ಮುಂದಿನ ಸಲ ಅಲ್ಲೇ ಕುರಿ ಕಾಯುತ್ತಿದ್ದ ಕಾಕಾ ಪರದೆ ನೋಡಿ ನಕ್ಕರು: "ಸಾಹೇಬ್ರ, ಬಿಸಲಗುದುರಿ ಕುಣ್ಯಾಕತ್ತದ, ಅದರ ಹಿಂದಿಂದು ಹ್ಯಾಂಗ ಸಿಗ್ತದರಿ?"

ಅಷ್ಟೇ ವಿಷಯ. ಕಾದ ನೆಲದ ಮೇಲಿನ ಗಾಳಿ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುತ್ತದೆ, ಲೆನ್ಸ್ ಅದನ್ನೂ ಹಿಗ್ಗಿಸಿ ತೋರಿಸುತ್ತದೆ. ಶಟರ್ ಎಷ್ಟು ಏರಿಸಿದರೂ ಆ ಡೊಂಕು ಹೋಗುವುದಿಲ್ಲ. ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೇ ಫೋಟೋ ನಿಲ್ಲಿಸಿ ಚೀಲ ಕಟ್ಟುತ್ತೇನೆ. ಕಾರಿನೊಳಗಿಂದ ತೆಗೆಯುವುದಾದರೆ ಎಂಜಿನ್, ಎಸಿ ಎರಡೂ ಬಂದ್. ಗಾಜು ಇಳಿಸಿ ಒಳಗಿನ ಗಾಳಿ ಹೊರಗಿನ ಗಾಳಿಗೆ ಸಮವಾಗುವವರೆಗೆ ಸುಮ್ಮನೆ ಕೂರುವುದು. ಲೆನ್ಸಿಗೆ ಆಸರೆಯಾಗಿ ಕಿಟಕಿಯ ಮೇಲೆ ಇಡಲು ಹಳೇ ಜೀನ್ಸಿನ ಕಾಲು ಕತ್ತರಿಸಿ ಜೋಳ ತುಂಬಿ ಹೊಲಿದಿದ್ದೆ. ಮಳೆಗಾಲಕ್ಕೆ ನುಸಿ ಬಿತ್ತು, ಈಗ ಅದರಲ್ಲಿ ಮರಳಿದೆ.

ಇನ್ನು ಕನ್ವರ್ಟರ್. 600 ಎಂ.ಎಂ. 840 ಆಗುತ್ತದೆ, ನಿಜ. ಆದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಹೋಗಿ ಎಫ್ 6.3 ಇದ್ದದ್ದು ಎಫ್ 9ಕ್ಕೆ ಬರುತ್ತದೆ. ಅಷ್ಟು ಕತ್ತಲಲ್ಲಿ ನನ್ನ ಕ್ಯಾಮೆರಾದ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ; ಹಾರುವ ಹಕ್ಕಿಯ ಆಸೆ ಬಿಡಬೇಕು. ಕೂತ ಹಕ್ಕಿಗೆ ಲೈವ್ ವ್ಯೂನಲ್ಲಿ ಕಣ್ಣಿನ ಮೇಲೆ ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡುತ್ತೇನೆ. ಆಟೋಫೋಕಸ್ ಸ್ವಲ್ಪ ಹಿಂದೆ ಮುಂದೆ ಬೀಳುವುದನ್ನು ಸರಿಪಡಿಸಲು ಕ್ಯಾಮೆರಾದಲ್ಲಿ ಹಾಕುವ ತಿದ್ದುಪಡಿಯ ಅಂಕಿಯೂ ಕನ್ವರ್ಟರ್ ಹಾಕಿದಾಗ ಬೇರೆಯೇ ಬಂತು. ಇದು ಗೊತ್ತಾಗುವಷ್ಟರಲ್ಲಿ ಒಂದು ಇಡೀ ಚಳಿಗಾಲ ಕಳೆದಿತ್ತು. ಬಿಸಿಲೇರಿದ ಮೇಲೆ ಬರೀ 600ರಲ್ಲಿ ತೆಗೆದು ಕತ್ತರಿಸಿದ ಫೋಟೋಗೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ.

ಮಾರಿಬಿಡೋಣ ಅಂತ ಗೆಳೆಯನಿಗೆ ಹೇಳಿಯೂ ಆಗಿತ್ತು. ಆಮೇಲೆ ಡಿಸೆಂಬರಿನಲ್ಲಿ ಬೋನಾಳಕ್ಕೆ ಹೋದೆ. ಬೆಳಿಗ್ಗೆ ಏಳೂವರೆ, ಗಾಳಿ ತಣ್ಣಗೆ, ನೀರು ಅಲುಗುತ್ತಿರಲಿಲ್ಲ. ಆಪಿನ ನಡುವೆ ನೇರಳೆ ಜಂಬುಕೋಳಿಯೊಂದು ಒಂದು ಕಾಲಿನಲ್ಲಿ ದಂಟು ಹಿಡಿದು ಸಿಗಿಯುತ್ತಿತ್ತು. ಕನ್ವರ್ಟರ್ ಹಾಕಿ ಎಫ್ 11, ಟ್ರೈಪಾಡ್ ಗಟ್ಟಿ, ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡಿನ ಟೈಮರ್. ಹತ್ತು ಫೋಟೋದಲ್ಲಿ ಎಂಟು, ಹಕ್ಕಿ ಅಲುಗಿ ಹಾಳು. ಉಳಿದ ಎರಡರಲ್ಲಿ ಆ ಕೆಂಪು ಕಾಲಿನ ಪರೆ ಒಂದೊಂದೂ ಎಣಿಸಬಹುದು.

ಲೆನ್ಸಿಗೆ ನಾಲ್ಕು ಸ್ಟಾರ್, ಕನ್ವರ್ಟರಿಗೆ ಎರಡೂವರೆ. ಗೆಳೆಯ ಇನ್ನೂ ಕೇಳುತ್ತಿದ್ದಾನೆ, ಕೊಟ್ಟಿಲ್ಲ.