ಮರು-ಎನ್‌ಕೋಡ್ ಇಲ್ಲದೆ ವಿಡಿಯೊ ಕತ್ತರಿಸುವ ಲಾಸ್‌ಲೆಸ್‌ಕಟ್

ಕೊಪ್ಪಳದ ಗವಿಮಠದ ಜಾತ್ರೆಯನ್ನು ಚಿತ್ರೀಕರಿಸುವವರಿಗೆ ಕ್ಯಾಮೆರಾ ಒಂದೇ ದೃಶ್ಯವನ್ನು 4 ಜಿಬಿಯ ತುಂಡುಗಳಾಗಿ ಉಳಿಸುವುದು ಹೊಸತಲ್ಲ. ಎಫ್‌ಎಟಿ32 ಎಂಬ ಫೈಲ್ ವ್ಯವಸ್ಥೆಯ ಮೆಮೊರಿ ಕಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಫೈಲ್ ಹಿಡಿಸದು. ಇಂಥ ತುಂಡುಗಳನ್ನು ಗುಣಮಟ್ಟ ಕೆಡದಂತೆ ಜೋಡಿಸಲು, ಬೇಡದ ಭಾಗ ತೆಗೆಯಲು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಂಸ್ಕರಣಾ ಉಪಕರಣವನ್ನು ಆಧರಿಸಿದ ಮುಕ್ತ ತಂತ್ರಾಂಶ ಲಾಸ್‌ಲೆಸ್‌ಕಟ್ ನನ್ನ ಮೊದಲ ಆಯ್ಕೆ. ಐ ಕೀಲಿಯಿಂದ ಆರಂಭವನ್ನೂ ಓ ಕೀಲಿಯಿಂದ ಅಂತ್ಯವನ್ನೂ ಗುರುತಿಸಿದರೆ, ವಿಡಿಯೊವನ್ನು ಹೊಸದಾಗಿ ಸಂಕುಚಿಸುವ ಮರು-ಎನ್‌ಕೋಡ್ ಇಲ್ಲದೆ ದತ್ತಾಂಶ ಇದ್ದಂತೆಯೇ ನಕಲಾಗುವುದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಕೆಲಸ ಬೇಗ ಮುಗಿಯುತ್ತದೆ.

ತೊಡಕಿರುವುದು ಕೀಫ್ರೇಮಿನಲ್ಲಿ. ಎಚ್.264 ಎಂಬ ಸಂಕುಚನ ಮಾದರಿಯ ವಿಡಿಯೊದಲ್ಲಿ ಪೂರ್ಣ ಚಿತ್ರವಿರುವುದು ಕೀಫ್ರೇಮಿನಲ್ಲಿ ಮಾತ್ರ. ನಡುವಿನ ಫ್ರೇಮುಗಳು ಬದಲಾವಣೆಗಳನ್ನಷ್ಟೇ ಹೊತ್ತಿರುತ್ತವೆ. ಹೀಗಾಗಿ ತೇರು ಹೊರಡುವ ಕ್ಷಣಕ್ಕೇ ಸರಿಯಾಗಿ ಕತ್ತರಿ ಹಾಕಿದರೂ ತುಂಡು ಅದಕ್ಕೂ ಹಿಂದಿನ ಕೀಫ್ರೇಮಿನಿಂದ ಶುರುವಾಗಿ, ಮುಂಚಿನ ನೂಕುನುಗ್ಗಲೂ ಸ್ವಲ್ಪ ಉಳಿದುಬಿಡಬಹುದು. ಇದನ್ನು ನೀಗಿಸಲೆಂದು ಕೊಟ್ಟಿರುವ ಸ್ಮಾರ್ಟ್ ಕಟ್ ಪ್ರಾಯೋಗಿಕ ಸೌಲಭ್ಯ; ಅದನ್ನು ನೆಚ್ಚಿ ಯಾರದೋ ಮದುವೆಯ ವಿಡಿಯೊ ಒಪ್ಪಿಸುವುದು ಜಾಣತನವಲ್ಲ. ಜೋಡಿಸುವ ಫೈಲ್‌ಗಳ ಕೋಡೆಕ್ (ಸಂಕುಚನ ವಿಧಾನ), ರೆಸಲ್ಯೂಶನ್ ಒಂದೇ ಆಗಿರಬೇಕಾದ್ದರಿಂದ ಮೊಬೈಲಿನ ದೃಶ್ಯವನ್ನು ಕ್ಯಾಮೆರಾದ ದೃಶ್ಯಕ್ಕೆ ಸೇರಿಸಹೊರಟರೆ ಸಾಮಾನ್ಯವಾಗಿ ಕೈಕೊಡುತ್ತದೆ. ಅವಿಡೆಮಕ್ಸ್ ಎಂಬ ಇನ್ನೊಂದು ಮುಕ್ತ ವಿಡಿಯೊ ತಂತ್ರಾಂಶದ ಕಾಪಿ ವಿಧಾನಕ್ಕೂ ಇವೇ ಮಿತಿಗಳಿವೆ, ಆದರೆ ಅಗತ್ಯಬಿದ್ದಾಗ ಅದರಲ್ಲೇ ಮರು-ಎನ್‌ಕೋಡ್ ಮಾಡಿಕೊಳ್ಳಬಹುದು.